ಅಜ್ಜನ ಟಾಚಣ ವಹಿ

ಹೋದ ವರ್ಷ ಒಂದು ರಾತ್ರಿ ಹತ್ತೂವರೆಗೆ ತೆಲಸಂಗದಿಂದ ಕಾಕಾನ ಮಗನ ಫೋನು. ಎಂಎಸ್ಸಿ ಮುಗಿಸಿ ಒಂದು ಡಿಗ್ರಿ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಸೇರಿದ್ದ. ಮರುದಿನ ಮೊದಲ ಕ್ಲಾಸು. “ಅಣ್ಣಾ, ಸಬ್ಜೆಕ್ಟ್ ಬರ್ತೈತಿ. ಆದ್ರ ಒಂದ್ ತಾಸು ಅವರ ಮುಂದ ನಿಂತು ಏನ್ ಮಾಡ್ಬೇಕನ್ನೂದು ಯಾರೂ ಹೇಳಿಲ್ಲ,” ಅಂದ. ನಾನು ಬೆಂಗಳೂರಿನಲ್ಲಿ ಕೋಡ್ ಬರೆಯುವವನು, ನನಗೇನು ಗೊತ್ತು? ಯೂಟ್ಯೂಬ್ ನೋಡು ಅಂತ ಹೇಳಿ ಫೋನಿಟ್ಟೆ. ಆಮೇಲೆ ನಾಚಿಕೆಯಾಯ್ತು.

ಯಾಕಂದ್ರೆ ಅವನ ಪ್ರಶ್ನೆಗೆ ಉತ್ತರ ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು. ಅಜ್ಜ ಕನ್ನಡ ಶಾಲೆ ಮಾಸ್ತರ. ಮುಲ್ಕಿ ಪಾಸಾಗಿ ಧಾರವಾಡದಲ್ಲಿ ಟ್ರೇನಿಂಗ್ ಮಾಡಿ ಬಂದವರು. ಆ ದಿನಗಳ ಅವರ ಟಾಚಣ ವಹಿ ಇನ್ನೂ ಇದೆ. ನಾಳೆ ಯಾವ ಪಾಠ, ಯಾವ ಪ್ರಶ್ನೆಯಿಂದ ಶುರು, ಹಲಗೆಯ ಮೇಲೆ ಏನು ಬರೆಯಬೇಕು, ಮಕ್ಕಳು ಎಲ್ಲಿ ತಪ್ಪಬಹುದು, ಎಲ್ಲ ಅದರಲ್ಲಿದೆ. ಅಂಚಿನಲ್ಲಿ ಕೆಂಪು ಶಾಯಿ. ಹಿಂದೆ ಕೂತು ಪಾಠ ನೋಡಿದವರು ಬರೆದದ್ದು: ಪ್ರಶ್ನೆ ಕೇಳಿ ನೀವೇ ಉತ್ತರ ಹೇಳಬೇಡಿರಿ. ವಿಮರ್ಶಾ ಪಾಠ ಅಂತಾರೆ ಇದಕ್ಕೆ. ಒಬ್ಬ ಪಾಠ ಮಾಡ್ತಾನೆ, ಜೊತೆಯವರೂ ಗುರುಗಳೂ ನೋಡಿ ತಪ್ಪು ಹೇಳ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಕೋಡ್ ರಿವ್ಯೂ.

ಅಥಣಿ ಸೀಮೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಈ ಭಾಗದ ಶಾಲೆಗಳಲ್ಲಿ ಮರಾಠಿಯದೇ ಜೋರು. ಕನ್ನಡ ಶಾಲೆ ತೆರೆಯೋಣವೆಂದರೆ ಕಲಿಸುವವರು ಬೇಕಲ್ಲ? ಡೆಪ್ಯೂಟಿ ಚನ್ನಬಸಪ್ಪನವರನ್ನು ನಾವು ಕನ್ನಡದ ಕಟ್ಟಾಳು ಅಂತ ನೆನೆಯುತ್ತೇವೆ, ಶೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದವರು ಅಂತಲೂ. ಅವರು ಧಾರವಾಡದಲ್ಲಿ ಮಾಸ್ತರರನ್ನು ತಯಾರಿಸುವ ಶಾಲೆಯ ಮುಖ್ಯಸ್ಥರಾಗಿದ್ದರು ಅನ್ನೋದು ನನಗೆ ಅದಕ್ಕಿಂತ ದೊಡ್ಡ ಸಂಗತಿ. ಅಕ್ಷರ ಬಂದವನಿಗೆಲ್ಲ ಅಕ್ಷರ ಕಲಿಸಲು ಬರೋದಿಲ್ಲ ಅನ್ನುವ ತಿಳಿವಳಿಕೆ ಅಲ್ಲಿತ್ತು.

ಹಾಗಾದರೆ ಕಾಲೇಜಿಗೆ ಬಂದಾಗ ಈ ತಿಳಿವಳಿಕೆ ಎಲ್ಲಿ ಹೋಯ್ತು?

ನನ್ನ ಅನುಮಾನ 1857ರ ಮೇಲೆ. ದಂಗೆಯ ವಿಷಯ ಅಲ್ಲ. ಅದೇ ವರ್ಷ ಕಲ್ಕತ್ತಾ, ಮುಂಬೈ, ಮದರಾಸಿನಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಮಾದರಿ ಆಗಿನ ಲಂಡನ್ ವಿಶ್ವವಿದ್ಯಾಲಯ. ಇವು ಪಾಠ ಮಾಡುತ್ತಿರಲಿಲ್ಲ! ಕಾಲೇಜುಗಳಿಗೆ ಮಾನ್ಯತೆ ಕೊಡೋದು, ಸಿಲೆಬಸ್ ಮಾಡೋದು, ಪರೀಕ್ಷೆ ನಡೆಸೋದು, ಪದವಿ ಕೊಡೋದು, ಅಷ್ಟೇ. ಪ್ರಶ್ನೆಪತ್ರಿಕೆ ಮುಂಬೈಯಿಂದ ಬರುವಾಗ ಇಲ್ಲಿನ ಪ್ರೊಫೆಸರರಿಗೆ ಉಳಿದ ಕೆಲಸ ಒಂದೇ: ಪೋರ್ಷನ್ ಮುಗಿಸೋದು. ವಿಶ್ವವಿದ್ಯಾಲಯವೇ ಪಾಠ ಮಾಡಬಹುದು ಅಂತ ಕಾನೂನು ಬಂದದ್ದು 1904ರಲ್ಲಿ. ಅಷ್ಟೊತ್ತಿಗೆ ಅಭ್ಯಾಸ ಗಟ್ಟಿಯಾಗಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಬಂತು, 1998ರಲ್ಲಿ ವಿಟಿಯು ಬಂತು, 2010ರಲ್ಲಿ ರಾಣಿ ಚನ್ನಮ್ಮ ಬಂತು. ಸಂಯೋಜಿತ ಕಾಲೇಜು, ದೂರದಿಂದ ಬರುವ ಪ್ರಶ್ನೆಪತ್ರಿಕೆ, ಪೋರ್ಷನ್: ಇವು ಮಾತ್ರ ಹೋಗಲಿಲ್ಲ.

ನಡುವೆ ಬೇರೆ ದಾರಿಯೂ ಕಂಡಿತ್ತು. 1916ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣರು ಕೆಎಲ್ಇ ಸಂಸ್ಥೆ ಕಟ್ಟಿದರು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಅವರಲ್ಲಿ ಇಬ್ಬರು. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿ ಅವರ ಕಣ್ಣೆದುರಿಗಿತ್ತು. ಶುರು ಮಾಡಿದ್ದು ಶಾಲೆಯಿಂದ. ಲಿಂಗರಾಜ ಕಾಲೇಜು ತೆರೆದದ್ದು 1933ರಲ್ಲಿ, ಅಂದ್ರೆ 17 ವರ್ಷ ಆದಮೇಲೆ. ದುಡ್ಡಿನ ಕಾರಣವೂ ಇದ್ದೀತು. ಆದರೂ ಕಾಲೇಜಿಗೆ ಕೈಹಾಕುವ ಮೊದಲು ಅಷ್ಟು ವರ್ಷ ಶಾಲೆ ಮಕ್ಕಳ ಜೊತೆ ಏಗಿದ ಸಂಸ್ಥೆ ಅದು ಅನ್ನೋದನ್ನ ಮರೀಬಾರದು.

ಸ್ವಾತಂತ್ರ್ಯ ಬಂದಮೇಲೆ? 1986ರ ಶಿಕ್ಷಣ ನೀತಿಯ ಬೆನ್ನಿಗೇ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ನಾಲ್ಕು ವಾರದ ಓರಿಯಂಟೇಶನ್, ಅದೂ ಕೆಲಸಕ್ಕೆ ಸೇರಿದ ಮೇಲೆ. ಬಹಳ ಜನರಿಗೆ ಅದು ಬಡ್ತಿಗೆ ಬೇಕಾದ ಕಾಗದ. ಬಡ್ತಿಯೇ ಇಲ್ಲದ ಅತಿಥಿ ಉಪನ್ಯಾಸಕನಿಗೆ ಅದರಿಂದ ಏನಾಗಬೇಕು? 1989ರಿಂದ ನೆಟ್ ಪರೀಕ್ಷೆ ಇದೆ. ಅದರ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆಯೂ ಪ್ರಶ್ನೆ ಇರ್ತಾವೆ, ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಟಿಕ್ ಹಾಕಿದ್ರಾಯ್ತು. ಈಜು ಬರುತ್ತೋ ಇಲ್ಲವೋ ಅಂತ ಕಾಗದದ ಮೇಲೆ ಪರೀಕ್ಷೆ ಮಾಡಿದ ಹಾಗೆ.

ಇದರ ಬೆಲೆ ಏನು ಅನ್ನೋದಕ್ಕೆ 2021ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ನಲ್ಲಿ ಬಂದ ಅಧ್ಯಯನ ನೋಡಿ. ಭಾರತ, ಚೀನಾ, ರಷ್ಯಾ, ಅಮೆರಿಕದ ಹತ್ತಾರು ಸಾವಿರ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಿಕಲ್ ವಿದ್ಯಾರ್ಥಿಗಳನ್ನು ಅಳೆದರು. ನಮ್ಮವರು ಮೊದಲ ಎರಡು ವರ್ಷ ವಿಷಯಜ್ಞಾನದಲ್ಲಿ ಮುಂದೆ ಹೋಗಿದ್ದರು. ಆದರೆ ಅಮೆರಿಕದವರಿಗೆ ಹೋಲಿಸಿದರೆ, ವಿಮರ್ಶಿಸಿ ಯೋಚಿಸುವ ಶಕ್ತಿ ನಾಲ್ಕು ವರ್ಷದಲ್ಲಿ ಬೆಳೆದಿರಲಿಲ್ಲ. ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನನ್ನ ಎಂಜಿನಿಯರಿಂಗಿನ ನಾಲ್ಕು ವರ್ಷ ಹೆಚ್ಚುಕಡಿಮೆ ನೋಟ್ಸ್ ಬರೆಸಿಕೊಳ್ಳೋದ್ರಲ್ಲೇ ಕಳೆದಿತ್ತು. ಬರೆಸುತ್ತಿದ್ದವರಲ್ಲಿ ಒಬ್ಬರು ನಮಗಿಂತ ಎರಡೇ ವರ್ಷ ಸೀನಿಯರ್. ಅವರನ್ನೂ ಯಾರೋ ಸೀದಾ ಕ್ಲಾಸಿಗೆ ನೂಕಿದ್ದರು, ಪಾಪ.

ಇದು ಬದಲಾಗದ ರೋಗವೇನಲ್ಲ. 2018ರಿಂದ ತಾಂಜಾನಿಯಾ, ಉಗಾಂಡಾದ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ‘ಟೆಸಿಯಾ’ ಅನ್ನೋ ಯೋಜನೆ ನಡೆಯಿತು. ಅಧ್ಯಾಪಕರು ಒಟ್ಟಿಗೆ ಕೂತು ತಮ್ಮ ಕೋರ್ಸುಗಳನ್ನು ತಿರುವಿ ಕಟ್ಟಿದರು. ಪೋರ್ಷನ್ ಎಷ್ಟು ಅಂತಲ್ಲ, ಕೊನೆಗೆ ಹುಡುಗರ ಕೈಲಿ ಏನು ಮಾಡಲು ಬರಬೇಕು ಅನ್ನೋದರಿಂದ ಶುರು. ಹೆಚ್ಚುಕಡಿಮೆ ಅಜ್ಜನ ವಹಿ.

ದೀಪಾವಳಿಗೆ ಊರಿಗೆ ಹೋದಾಗ ಟ್ರಂಕು ತೆಗೆದು ವಹಿಯನ್ನು ತಮ್ಮನ ಕೈಗೆ ಕೊಟ್ಟೆ. ಒಂದು ದಿನ ಅವನು ಸಹೋದ್ಯೋಗಿಯೊಬ್ಬರನ್ನು “ನನ್ನ ಕ್ಲಾಸಿನ್ಯಾಗ ಹಿಂದ ಕುಂದರ್ರಿ ಸರ್” ಅಂತ ಕರೆದನಂತೆ. “ಯಾಕ್ರೀ, ಹುಡುಗರು ಕಂಪ್ಲೇಂಟ್ ಮಾಡ್ಯಾರೇನು?” ಅಂತ ಅವರು ಗಾಬರಿಯಾದರಂತೆ. ಕೊನೆಗೆ ಬಂದು ಕೂತರು.

“ಏನಂದ್ರು?” ಅಂತ ಕೇಳಿದೆ.

“ಪ್ರಶ್ನೆ ನಾನ ಕೇಳಿ ನಾನ ಉತ್ತರ ಹೇಳ್ತೀನಂತ. ಈಗ ಕೇಳಿ ಸುಮ್ನ ನಿಂದರ್ತೀನಿ. ಭಾಳ ಕಷ್ಟ ಐತಿ ಅಣ್ಣಾ, ಯಾರರ ಬಾಯಿ ಬಿಡೂತನಕ ಸುಮ್ನ ನಿಂದ್ರೂದು.”