ರಾಯಪುರಂ: ಕಟ್ಟುಮರದಿಂದ ಟ್ರಾಲ್ ಬೋಟ್‌ವರೆಗೆ ಒಂದು ಕಡಲತೀರದ ಕಥೆ

ಉತ್ತರ ಚೆನ್ನೈನ ರಾಯಪುರಂ ಹೆಸರು ರೈಲಿನ ಇತಿಹಾಸ ಓದಿದವರಿಗೆ ಗೊತ್ತು. ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು 1856ರಲ್ಲಿ ಹೊರಟಿದ್ದು ಇಲ್ಲಿಂದಲೇ. ಆದರೆ ರೈಲಿಗೂ ಮೊದಲಿನಿಂದ ಈ ತೀರ ನಂಬಿಕೊಂಡಿದ್ದು ಕಡಲನ್ನು. ಮೀನುಗಾರನಾಗಿದ್ದ ಸಂತ ಪೀಟರ್‌ಗೆ ತಮಿಳು ಕ್ರೈಸ್ತರು ಕೊಟ್ಟ ಹೆಸರು ರಾಯಪ್ಪರ್. ಊರಿನ ಹೆಸರೂ ಅದರಿಂದಲೇ ಬಂತು ಎನ್ನುತ್ತಾರೆ.

ಇಲ್ಲಿನ ಹಳೆಯ ಮೀನುಗಾರಿಕೆ ನಡೆದಿದ್ದು ಕಟ್ಟುಮರದಲ್ಲಿ. ಕನ್ನಡಿಗರಿಗೆ ಅರ್ಥ ಹೇಳಬೇಕಿಲ್ಲ, ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಟ್ಟಿದ ತೆಪ್ಪ ಅದು. ಇಂಗ್ಲಿಷಿನ ‘ಕ್ಯಾಟಮರಾನ್’ ಹುಟ್ಟಿದ್ದು ಇದೇ ಪದದಿಂದ. ಆಗ ಮದ್ರಾಸಿಗೆ ಬಂದರೇ ಇರಲಿಲ್ಲ. ದೂರದಲ್ಲಿ ಲಂಗರು ಹಾಕಿದ ಹಡಗುಗಳಿಂದ ಜನ, ಸರಕನ್ನು ದಡ ಸೇರಿಸುತ್ತಿದ್ದುದು ಮಸೂಲಾ ದೋಣಿಗಳು. ಮೊಳೆ ಹೊಡೆಯದೆ, ತೆಂಗಿನ ನಾರಿನಿಂದ ಹಲಗೆ ಹೊಲಿದ ಈ ದೋಣಿಗಳು ಅಲೆಯ ಹೊಡೆತಕ್ಕೆ ಒಡೆಯದೆ ಬಾಗುತ್ತಿದ್ದವು.

19ನೇ ಶತಮಾನದ ಕೊನೆಯಲ್ಲಿ ಎಲ್ಲವೂ ಬದಲಾಯಿತು. ಬಂದರಿಗಾಗಿ ಸಮುದ್ರದೊಳಗೆ ತಡೆಗೋಡೆ ಕಟ್ಟಲಾಯಿತು. 1881ರ ಚಂಡಮಾರುತ ಅದನ್ನು ಕೆಡವಿದರೂ ಮತ್ತೆ ಎಬ್ಬಿಸಲಾಯಿತು. ಈ ಕರಾವಳಿಯಲ್ಲಿ ಮರಳು ವರ್ಷದ ಬಹುಕಾಲ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಗೋಡೆಗೆ ತಡೆದು ನಿಂತ ಮರಳಿನಿಂದ ದಕ್ಷಿಣದಲ್ಲಿ ಮರೀನಾ ಬೀಚ್ ಅಗಲವಾಯಿತು. ಉತ್ತರದ ರಾಯಪುರಂಗೆ ಮರಳು ಬರುವುದು ನಿಂತು ದಡವೇ ಕೊಚ್ಚಿಹೋಯಿತು. ಪ್ರವಾಸಿಗರು ಮೆಚ್ಚುವ ಮರೀನಾಕ್ಕೆ ಬೆಲೆ ತೆತ್ತಿದ್ದು ಮೀನುಗಾರರ ತೀರ ಎಂದರೆ ತಪ್ಪಲ್ಲ. ಉಳ್ಳಾಲದ ಕಡಲ್ಕೊರೆತ ಕಂಡವರಿಗೆ ಇಲ್ಲಿನ ಕಲ್ಲುಬಂಡೆಗಳ ಸಾಲು ಹೊಸದೆನಿಸದು.

ಮದ್ರಾಸ್ ಮೀನುಗಾರಿಕೆ ಇಲಾಖೆ ಶುರುವಾಗಿದ್ದು 1907ರಲ್ಲಿ, ಫ್ರೆಡರಿಕ್ ನಿಕಲ್ಸನ್ ನೇತೃತ್ವದಲ್ಲಿ. ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದ ಮಂಗಳೂರು ಕಡೆಯ ಬೂತಾಯಿ ಎಣ್ಣೆ ಉದ್ಯಮಕ್ಕೂ ಉತ್ತೇಜನ ಕೊಟ್ಟಿದ್ದು ಇದೇ ಇಲಾಖೆ.

ಬಂದರಿನ ಉತ್ತರಕ್ಕೆ ಕಾಸಿಮೇಡು ಮೀನುಗಾರಿಕಾ ಬಂದರು 1984ರಲ್ಲಿ ಆರಂಭವಾಯಿತು. ಟ್ರಾಲ್ ಬೋಟ್‌ಗಳಿಗೆ ದಕ್ಕೆ ಸಿಕ್ಕಿತು, ಜೊತೆಗೆ ನಾಡದೋಣಿಯವರೊಂದಿಗೆ ಜಗಳವೂ ಬೆಳೆಯಿತು. ಕಡಲ ತಳವನ್ನೇ ಗೋರುವ ಟ್ರಾಲ್ ಬಲೆ ಮರಿಮೀನನ್ನೂ ಬಿಡುವುದಿಲ್ಲ ಎಂಬುದು ಅವರ ದೂರು. ತಮಿಳುನಾಡಿನ 1983ರ ಕಾಯ್ದೆಯಡಿ ದಡದಿಂದ 3 ನಾಟಿಕಲ್ ಮೈಲಿ, ಅಂದರೆ ಸುಮಾರು 5.5 ಕಿ.ಮೀ.ವರೆಗೆ ಯಾಂತ್ರೀಕೃತ ಬೋಟ್‌ಗಳು ಮೀನು ಹಿಡಿಯುವಂತಿಲ್ಲ.

ಮೀನು ಮರಿ ಮಾಡುವ ಕಾಲದ ನಿಷೇಧ ಮೊದಲು 45 ದಿನ ಇತ್ತು, ಈಗ 61 ದಿನ. ಕರ್ನಾಟಕದಲ್ಲಿ ಅದು ಜೂನ್, ಜುಲೈನಲ್ಲಿ ಬಂದರೆ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಆಗ ಕಾಸಿಮೇಡಿನ ದೊಡ್ಡ ಬೋಟ್‌ಗಳೆಲ್ಲ ದಕ್ಕೆಯಲ್ಲೇ ನಿಲ್ಲುತ್ತವೆ, ಚೆನ್ನೈನಲ್ಲಿ ಮೀನಿನ ದರ ಏರುತ್ತದೆ. ಕಡಲಿಗಿಳಿಯುವುದು ಸಣ್ಣ ದೋಣಿಗಳು ಮಾತ್ರ. ಅವುಗಳಲ್ಲೂ ಈಗ ಹೆಚ್ಚಿನವು ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡ ಫೈಬರ್ ದೋಣಿಗಳು.