ಚಾಲಕನ ಮೇಲೊಂದು ಕಣ್ಣು

ಸಂಜೆಯ ಹೊತ್ತು ಹೆಬ್ಬಗೋಡಿಯ ಹೆದ್ದಾರಿಯ ಬದಿಯಲ್ಲಿ ನಿಂತರೆ ಕಾರ್ಖಾನೆಗಳ ಬಸ್ಸುಗಳೂ ಕಂಪನಿಗಳ ಕ್ಯಾಬುಗಳೂ ಸಾಲುಗಟ್ಟಿ ಸಾಗುವುದನ್ನು ಕಾಣಬಹುದು. ಅವುಗಳಲ್ಲಿ ಹಲವುದರೊಳಗೆ ಸಣ್ಣದೊಂದು ಪೆಟ್ಟಿಗೆ ಕುಳಿತು, ಗಾಡಿ ಎಲ್ಲಿದೆ ಎಂಬುದನ್ನು ಆಗಾಗ್ಗೆ ವರದಿ ಮಾಡುತ್ತಿರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂರುವವರೂ ಇದ್ದಾರೆ, ಸ್ಟೀರಿಂಗ್ ಹಿಡಿದವರೂ ಇದ್ದಾರೆ. ಈ ಪೆಟ್ಟಿಗೆಯ ಇತಿಹಾಸ ಇಬ್ಬರಿಗೂ ಸಂಬಂಧಿಸಿದ್ದು.

ದೂರದಲ್ಲಿರುವವರ ಮೇಲೆ ನಿಗಾ ಇಡುವುದು ನಮ್ಮ ನಾಡಿಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಏರ್ಪಡಿಸಿದ ಮೈಸೂರು ಅಂಚೆ, ಓಲೆಗಳ ಜೊತೆಗೆ ನಾಡಿನ ಗುಟ್ಟುಗಳನ್ನೂ ದೊರೆಗೆ ಮುಟ್ಟಿಸುತ್ತಿತ್ತೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾಯಿತು. ಮೋಟಾರಿನ ಕಾಲಕ್ಕೆ ಟ್ರಿಪ್ ಶೀಟ್ ಬಂತು. ಅದನ್ನು ಬರೆಯುತ್ತಿದ್ದವನು ಚಾಲಕನೇ ಎಂಬುದು ಗಮನಾರ್ಹ.

ಅಮೆರಿಕದ ಸೇನೆಯ ಜಿ.ಪಿ.ಎಸ್. ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಮಸುಕುಗೊಳಿಸಿ ಕೊಡಲಾಗುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದರು. ವಾಹನದ ನೆಲೆಯನ್ನು ಕೆಲವೇ ಮೀಟರುಗಳ ಅಂತರದಲ್ಲಿ ತಿಳಿಯುವುದು ಸಾಧ್ಯವಾಯಿತು. (ಉಪಗ್ರಹ ನಮ್ಮನ್ನು ನೋಡುತ್ತಿದೆ ಎಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಪೆಟ್ಟಿಗೆಯು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳಿಂದ ತನ್ನ ಸ್ಥಾನವನ್ನು ತಾನೇ ಲೆಕ್ಕಹಾಕುತ್ತದೆ. ಚಾಡಿ ಹೇಳುವುದು ಅದರೊಳಗಿನ ಸಿಮ್!)

ನಮ್ಮೂರಿನಲ್ಲಿ ಈ ಚರ್ಚೆಗೆ ತೀವ್ರತೆ ಬಂದದ್ದು ಒಂದು ಸಾವಿನಿಂದ. 2005ರ ಡಿಸೆಂಬರಿನಲ್ಲಿ, ರಾತ್ರಿ ಪಾಳಿಗೆ ಹೊರಟಿದ್ದ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳನ್ನು, ತಾನೇ ಬದಲಿ ಚಾಲಕನೆಂದು ನಂಬಿಸಿ ಕರೆದೊಯ್ದವನು ಅತ್ಯಾಚಾರವೆಸಗಿ ಕೊಂದನು. 2010ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಮಹಿಳಾ ಉದ್ಯೋಗಿಗಳ ಭದ್ರತೆಯ ವಿಷಯದಲ್ಲಿ ಕಂಪನಿಯ ಮುಖ್ಯಾಧಿಕಾರಿಯ ಮೇಲೆ ಹೂಡಿದ್ದ ಮೊಕದ್ದಮೆಯನ್ನು ರದ್ದುಪಡಿಸಲು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ನಿರಾಕರಿಸಿತು. ಹೆಣ್ಣುಮಕ್ಕಳನ್ನು ರಾತ್ರಿ ಕೆಲಸಕ್ಕೆ ಕಳುಹಿಸುವ ತಂದೆತಾಯಿಗಳ ದೃಷ್ಟಿಯಲ್ಲಿ ಆ ಪೆಟ್ಟಿಗೆ ಕಾವಲುಗಾರನೇ ಆಯಿತು. ಅದು ತಪ್ಪೆಂದು ನಾನು ಹೇಳಲಾರೆ.

2016ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕ ಸೇವಾ ವಾಹನಗಳಿಗೆ ಸ್ಥಳಸೂಚಕ ಸಾಧನವನ್ನೂ ತುರ್ತು ಗುಂಡಿಯನ್ನೂ ಕಡ್ಡಾಯಗೊಳಿಸುವ ಅಧಿಸೂಚನೆ ಹೊರಡಿಸಿತು. ಆಟೋ ಮತ್ತು ದ್ವಿಚಕ್ರಗಳಿಗೆ ವಿನಾಯಿತಿ ಇತ್ತು. ಅದೇ ವರ್ಷ ಇಸ್ರೋ ತನ್ನ ನಾವಿಕ್ ವ್ಯವಸ್ಥೆಯ ಏಳನೆಯ ಉಪಗ್ರಹವನ್ನು ಹಾರಿಸಿತ್ತು. ಆ ವ್ಯವಸ್ಥೆಯ ಕೇಂದ್ರ ನಮ್ಮ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ 2013ರಲ್ಲಿ ಆರಂಭವಾಗಿತ್ತೆಂಬುದು ಹೆಮ್ಮೆಯ ಸಂಗತಿ.

ಇನ್ನು ಚಾಲಕನ ಮಾತು. ಕ್ಯಾಬ್ ಓಡಿಸುವ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ: “ಸಾರ್, ಸಿಲ್ಕ್ ಬೋರ್ಡಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ ಅಂದ್ರೆ ಮೊದಲು ಯಾರೂ ನಂಬ್ತಿರಲಿಲ್ಲ, ಈಗ ಪೆಟ್ಟಿಗೆಯೇ ಸಾಕ್ಷಿ. ಆದ್ರೆ ಊಟಕ್ಕೆ ಹತ್ತು ನಿಮಿಷ ನಿಲ್ಲಿಸಿದ್ರೂ ಫೋನು ಬರುತ್ತೆ. ರಾತ್ರಿ ಗಾಡಿ ನಮ್ಮ ಮನೆ ಮುಂದೆ ನಿಂತಿದ್ರೂ ಅವರಿಗೆ ಗೊತ್ತಾಗುತ್ತೆ.”

ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರಷ್ಟೆ. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೂ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯು ಉದ್ಯೋಗದ ಕೆಲವು ಉದ್ದೇಶಗಳಿಗೆ ಒಪ್ಪಿಗೆಯಿಲ್ಲದೆಯೂ ನೌಕರನ ಮಾಹಿತಿ ಬಳಸಲು ಮಾಲೀಕನಿಗೆ ಅವಕಾಶ ಇತ್ತಿದೆ. ಸಾಧನ ಅಳವಡಿಸುವ ದಿನವೇ ಚಾಲಕರನ್ನು ಕೂರಿಸಿಕೊಂಡು, ಏನು ದಾಖಲಾಗುತ್ತದೆ, ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಪಾಳಿ ಮುಗಿದ ಮೇಲೆ ನಿಲ್ಲುತ್ತದೆಯೇ ಎಂಬುದನ್ನು ಕನ್ನಡದಲ್ಲಿ ಬರೆದು ಕೊಡುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ. ನಿಮ್ಮಲ್ಲಿ ಕೆಲವರು ಈಗ ಕಂಪನಿಗಳ ಸಾರಿಗೆ ವಿಭಾಗದಲ್ಲಿದ್ದೀರಿ. ನಿಮ್ಮಲ್ಲಿ ಹಾಗೆ ಬರೆದುಕೊಟ್ಟಿದ್ದರೆ ನನಗೊಂದು ಪ್ರತಿ ಕಳುಹಿಸಿ.