ಸಹಿ ಹಾಕದ ಇಬ್ಬರು: ನಾಫ್ಲಿಯೊದಲ್ಲಿ ಎರಡು ದಿನ

ಗ್ರೀಸಿಗೆ ಹೋಗಿಬಂದ ನಮ್ಮವರ ಫೋಟೊಗಳಲ್ಲಿ ಸಾಮಾನ್ಯವಾಗಿ ಎರಡೇ ಜಾಗ ಇರ್ತವೆ. ಒಂದು ಅಥೆನ್ಸಿನ ಅಕ್ರೊಪೊಲಿಸ್, ಇನ್ನೊಂದು ಸ್ಯಾಂಟೊರಿನಿಯ ನೀಲಿ ಗುಮ್ಮಟ. ತಪ್ಪೇನಿಲ್ಲ, ಎರಡೂ ನೋಡಬೇಕಾದವೇ. ಆದರೆ ರಜೆಯಲ್ಲಿ ಇನ್ನೆರಡು ದಿನ ಉಳಿದಿದ್ದರೆ ಅಥೆನ್ಸಿನಿಂದ ಬಸ್ ಹತ್ತಿ. ಕೊರಿಂತ್ ಕಾಲುವೆ ದಾಟಿ, ಕಿತ್ತಳೆ ತೋಟಗಳ ನಡುವೆ ಸುಮಾರು 140 ಕಿಲೋಮೀಟರ್ ಹೋದರೆ ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತ ಒಂದು ಬಂಡೆಗುಡ್ಡ, ಅದರ ಬುಡದಲ್ಲಿ ಒಂದು ಪುಟ್ಟ ಊರು ಸಿಗ್ತದೆ. ಅದೇ ನಾಫ್ಲಿಯೊ. ಅಥೆನ್ಸಿಗಿಂತ ಮೊದಲು, 1834ರವರೆಗೆ, ಹೊಸ ಗ್ರೀಸಿನ ರಾಜಧಾನಿ ಆಗಿದ್ದ ಊರು.

ಊರಿನ ಒಳಗೆ ಕಾರು ಕಡಿಮೆ. ಕಲ್ಲುಹಾಸಿನ ಓಣಿಗಳು, ಮರದ ಬಾಲ್ಕನಿ, ಮೇಲಿಂದ ಇಳಿಬಿದ್ದ ಕಾಗದದ ಹೂವಿನ ಬಳ್ಳಿ. ದಂಡೆಯಲ್ಲಿ ಕೂತರೆ ಎದುರಿಗೇ ನೀರಿನ ಮಧ್ಯೆ ಬುರ್ಟ್ಸಿ ಅನ್ನೋ ಚಿಕ್ಕ ಕೋಟೆ. ವೆನಿಸ್‌ನವರು 15ನೇ ಶತಮಾನದಲ್ಲಿ ಕಟ್ಟಿದ್ದು. ಸಂಜೆ ಬೆಳಕಿನಲ್ಲಿ ಎಲ್ಲರೂ ಅದರ ಫೋಟೊ ತೆಗೀತಾರೆ. ಒಂದು ಕಾಲದಲ್ಲಿ ಅಲ್ಲಿ ವಾಸವಿದ್ದವರು ನಿವೃತ್ತ ವಧಕಾರರು, ಅಂದರೆ ಬೆಟ್ಟದ ಮೇಲಿನ ಜೈಲಿನ ಕೈದಿಗಳ ತಲೆ ಕಡಿಯುತ್ತಿದ್ದವರು. ಊರಿನ ಜನ ಅವರನ್ನು ತಮ್ಮ ಓಣಿಯಲ್ಲಿ ಇಟ್ಟುಕೊಳ್ಳಲು ಒಪ್ಪಲಿಲ್ಲ. ಆಮೇಲೆ, 1930ರ ದಶಕದಲ್ಲಿ, ಅದೇ ಕಟ್ಟಡ ಹೋಟೆಲ್ ಆಯಿತು! ಈ ಊರಲ್ಲಿ ಯಾವ ಕಟ್ಟಡವೂ ಒಂದೇ ಕೆಲಸ ಮಾಡಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಈಗ ಬೆಟ್ಟ. ಅದರ ಮೇಲಿರೋದು ಪಲಮೀದಿ ಕೋಟೆ. ಟ್ರಾಯ್ ಯುದ್ಧದ ಕಥೆಯಲ್ಲಿ ಬರುವ ಪಲಮೀಡಿಸ್ ಎಂಬ ಜಾಣನ ಹೆಸರು ಈ ಬೆಟ್ಟಕ್ಕೆ. ಪಗಡೆಯ ದಾಳ ಕಂಡುಹಿಡಿದವನು ಅವನೇ ಅಂತ ಗ್ರೀಕರ ನಂಬಿಕೆ. ಒಡಿಸ್ಯೂಸ್ ಅವನ ಮೇಲೆ ರಾಜದ್ರೋಹದ ಸುಳ್ಳು ಸಾಕ್ಷಿ ಹುಟ್ಟಿಸಿ ಕೊಲ್ಲಿಸಿದ ಅಂತಲೂ ಕಥೆ ಇದೆ. ಕೋಟೆ ಮಾತ್ರ ಅಷ್ಟು ಹಳೆಯದಲ್ಲ. ವೆನಿಸ್‌ನವರು 1711ರಿಂದ 1714ರೊಳಗೆ, ಅಂದರೆ ಬರೀ ಮೂರು ವರ್ಷದಲ್ಲಿ ಎದ್ದುನಿಲ್ಲಿಸಿದರು. ಮರುವರ್ಷ 1715ರಲ್ಲಿ ತುರ್ಕರು ಬಂದು ಗೆದ್ದುಕೊಂಡರು. ಅಷ್ಟು ಖರ್ಚು ಮಾಡಿ ಒಂದು ವರ್ಷ!

ಮೇಲೆ ಹೋಗಲು ಟ್ಯಾಕ್ಸಿ ಇದೆ. ಆದರೂ ಬೆಳಿಗ್ಗೆ ಬಿಸಿಲೇರುವ ಮೊದಲು ಮೆಟ್ಟಿಲು ಹತ್ತಿ. ಒಟ್ಟು 999 ಮೆಟ್ಟಿಲು ಅಂತಾರೆ. ಸಾವಿರನೆಯದನ್ನು ಕೊಲೊಕೊಟ್ರೋನಿಸ್‌ನ ಕುದುರೆ ಒಡೆದುಹಾಕಿತಂತೆ. ಕೂತು ಎಣಿಸಿದವರು 857 ಅಂತಲೂ ಹೇಳಿದ್ದಾರೆ. ಚಾಮುಂಡಿ ಬೆಟ್ಟವನ್ನು ಮೆಟ್ಟಿಲೆಣಿಸುತ್ತಾ ಹತ್ತಿದವರಿಗೆ ಗೊತ್ತು, ಎಣಿಕೆ ಪ್ರತಿಸಲ ಬೇರೆ ಬೇರೆಯೇ ಬರೋದು. ಮೇಲೆ ತಲುಪಿದ ಮೇಲೆ ಒಂದು ಕತ್ತಲೆ ಕೋಣೆ ತೋರಿಸ್ತಾರೆ. ಬಗ್ಗಿ, ಹೆಚ್ಚುಕಡಿಮೆ ತೆವಳಿಕೊಂಡೇ ಒಳಗೆ ಹೋಗಬೇಕು. ಕೊಲೊಕೊಟ್ರೋನಿಸ್‌ನನ್ನು ಕೂಡಿಹಾಕಿದ್ದು ಇಲ್ಲೇ ಅಂತ ಪ್ರತೀತಿ. ನಿಖರವಾಗಿ ಇದೇ ಕೋಣೆಯೋ ಅಲ್ಲವೋ, ಈ ಕೋಟೆಯಲ್ಲಿ ಆತ ಸೆರೆಯಾಗಿದ್ದಂತೂ ನಿಜ.

ಯಾರೀತ? ಕೆಳಗೆ ಊರಿನ ಉದ್ಯಾನದಲ್ಲಿ ಕುದುರೆಯ ಮೇಲೆ ಕೂತ ಕಂಚಿನ ಪ್ರತಿಮೆ ನೋಡಿರ್ತೀರಿ, ತಲೆಯ ಮೇಲೆ ಶಿರಸ್ತ್ರಾಣ. ಅವನೇ ಥಿಯೊಡೊರೋಸ್ ಕೊಲೊಕೊಟ್ರೋನಿಸ್. 1821ರಲ್ಲಿ ಗ್ರೀಕರು ಒಟ್ಟೊಮನ್ ಸಾಮ್ರಾಜ್ಯದ ವಿರುದ್ಧ ದಂಗೆಯೆದ್ದಾಗ ಈ ಭಾಗದ ದೊಡ್ಡ ಸೇನಾನಿ. ಗ್ರೀಕ್ ಮಕ್ಕಳಿಗೆ ಆತ ಶಾಲೆಯ ಪುಸ್ತಕದ ವೀರ. ಆದರೆ ನೀವು ಪೂರ್ತಿ ಚಿತ್ರ ನೋಡಿ. 1821ರ ಶರತ್ಕಾಲದಲ್ಲಿ ಅವನ ಪಡೆಗಳು ಟ್ರಿಪೊಲಿಟ್ಸಾ ಪಟ್ಟಣಕ್ಕೆ ನುಗ್ಗಿದಾಗ ಸಾವಿರಾರು ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದರು. ಹೆಂಗಸರು ಮಕ್ಕಳು ಅಂತ ನೋಡಲಿಲ್ಲ. ಆತ ಮುದುಕನಾದ ಮೇಲೆ ಆ ದಿನದ ಹೆಣಗಳ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾನೆ.

ನಾಫ್ಲಿಯೊ ಗ್ರೀಕರ ಕೈಗೆ ಬಂದಿದ್ದು ಮರುವರ್ಷ, 1822ರ ಕೊನೆಗೆ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಒಳಗಿನವರು ಹಸಿವಿನಿಂದ ಸಾಯುತ್ತಿದ್ದಾಗ, ಸ್ಟಾಯ್ಕೊಪುಲೋಸ್ ಎಂಬ ನಾಯಕ ಒಂದು ರಾತ್ರಿ ಪಲಮೀದಿಯ ಗೋಡೆ ಹತ್ತಿಸಿದ. ಊರು ಶರಣಾಯಿತು. ಇಲ್ಲಿ ಟ್ರಿಪೊಲಿಟ್ಸಾ ಮರುಕಳಿಸಲಿಲ್ಲ. ಬಂದರಿಗೆ ಬಂದ ಕೇಂಬ್ರಿಯನ್ ಎಂಬ ಬ್ರಿಟಿಷ್ ಯುದ್ಧನೌಕೆಯ ಕ್ಯಾಪ್ಟನ್ ಹ್ಯಾಮಿಲ್ಟನ್ ಮಧ್ಯೆ ನಿಂತು, ನೂರಾರು ತುರ್ಕರನ್ನು ಹಡಗು ಹತ್ತಿಸಿಕೊಂಡು ಹೋದ. ಅವರು ಬಿಟ್ಟುಹೋದ ಮಸೀದಿಗಳು ಇನ್ನೂ ಇವೆ. ಆದರೆ ನಮಾಜು ನಿಂತು ಇನ್ನೂರು ವರ್ಷ ಆಯ್ತು.

ಆಮೇಲೆ ಗೆದ್ದವರು ತಮ್ಮತಮ್ಮಲ್ಲೇ ಹೊಡೆದಾಡಿದರು. ಎರಡು ಅಂತರ್ಯುದ್ಧ. ಕೊನೆಗೆ 1828ರಲ್ಲಿ ದೇಶಕ್ಕೆ ಮೊದಲ ಮುಖ್ಯಸ್ಥನಾಗಿ ಬಂದವನು ಯೊವಾನಿಸ್ ಕಾಪೊಡಿಸ್ಟ್ರಿಯಾಸ್. ಕೊರ್ಫು ದ್ವೀಪದವನು, ಮೊದಲು ರಷ್ಯಾದ ತ್ಸಾರನ ವಿದೇಶಾಂಗ ಮಂತ್ರಿಯಾಗಿದ್ದವನು. ಶಾಲೆ, ನಾಣ್ಯ, ಸೈನಿಕ ಅಕಾಡೆಮಿ, ಎಲ್ಲವನ್ನೂ ಸೊನ್ನೆಯಿಂದ ಶುರುಮಾಡಿದ. ಆಲೂಗಡ್ಡೆಯನ್ನು ಜನ ಮುಟ್ಟದಿದ್ದಾಗ ರಾಶಿಯ ಸುತ್ತ ಕಾವಲು ಹಾಕಿಸಿದನಂತೆ. ಬೆಲೆಬಾಳುವ ಮಾಲು ಅಂದುಕೊಂಡು ಜನ ಕದ್ದೊಯ್ದು ತಿಂದರಂತೆ. (ಇದೇ ಕಥೆಯನ್ನು ಯೂರೋಪಿನ ಬೇರೆ ಊರುಗಳಲ್ಲೂ ಹೇಳ್ತಾರೆ, ಪೂರ್ತಿ ನಂಬಬೇಡಿ.) ಆದರೆ ಅವನಿಗೆ ಪಾಳೆಯಗಾರರ ಮೇಲೆ ತಾಳ್ಮೆ ಇರಲಿಲ್ಲ. ಮಾನಿ ಪ್ರದೇಶದ ದೊಡ್ಡ ಮನೆತನದ ಹಿರಿಯನನ್ನು ಜೈಲಿಗೆ ಹಾಕಿದ. 1831ರ ಅಕ್ಟೋಬರ್ 9ರ ಭಾನುವಾರ ಬೆಳಿಗ್ಗೆ ಅವನು ಸೇಂಟ್ ಸ್ಪಿರಿಡಾನ್ ಚರ್ಚಿಗೆ ಬರುವಾಗ ಆ ಹಿರಿಯನ ತಮ್ಮ ಮತ್ತು ಮಗ ಬಾಗಿಲಲ್ಲೇ ಕಾದಿದ್ದು ಕೊಂದರು. ಓಣಿಯಲ್ಲಿ ಆ ಚಿಕ್ಕ ಚರ್ಚು ಇದೆ, ಬಾಗಿಲ ಪಕ್ಕದ ಗೋಡೆಯಲ್ಲಿ ಗುಂಡಿನ ಗುರುತಿಗೆ ಗಾಜು ಹಾಕಿ ಇಟ್ಟಿದ್ದಾರೆ. ಕೆಲವು ಪುಸ್ತಕಗಳಲ್ಲಿ ಸೆಪ್ಟೆಂಬರ್ 27 ಅಂತ ಕಂಡರೆ ಗಾಬರಿಯಾಗಬೇಡಿ. ಆಗ ಅಲ್ಲಿ ಹಳೆಯ ಪಂಚಾಂಗ, 12 ದಿನ ಹಿಂದೆ.

ಇಲ್ಲಿಂದ ಕಥೆ ನಾನಿರುವ ಮ್ಯೂನಿಕ್‌ಗೆ ಬರ್ತದೆ. ಬ್ರಿಟನ್, ಫ್ರಾನ್ಸ್, ರಷ್ಯಾ ಮೂರೂ ಸೇರಿ ಗ್ರೀಸಿಗೆ ಒಬ್ಬ ರಾಜನನ್ನು ಹುಡುಕಿದರು. ಸಿಕ್ಕಿದ್ದು ಬವೇರಿಯಾದ ದೊರೆ ಮೊದಲನೆಯ ಲುಡ್ವಿಗ್‌ನ ಮಗ ಒಟ್ಟೊ. ಈ ಲುಡ್ವಿಗ್‌ಗೆ ಗ್ರೀಸ್ ಅಂದರೆ ಹುಚ್ಚು. ಜರ್ಮನ್ನಿನಲ್ಲಿ ‘ಬಯರ್ನ್’ ಅಂತ ಬರೆಯುವಾಗ ‘ಐ’ ಬದಲು ಗ್ರೀಕರ ‘ವೈ’ ಬಳಸಬೇಕು ಅಂತ 1825ರಲ್ಲಿ ಆಜ್ಞೆ ಹೊರಡಿಸಿದವನೇ ಇವನು. ಇಲ್ಲಿನ ಕನ್ನಡದ ಮಕ್ಕಳು ತಮ್ಮ ನೋಟ್‌ಬುಕ್ಕಿನಲ್ಲಿ ದಿನಾ ಬರೆಯೋದು ಅದೇ ಕಾಗುಣಿತ. ಮಗ ಹೊರಟಾಗ ಅಪ್ಪ ಬೀಳ್ಕೊಟ್ಟ ಜಾಗದಲ್ಲಿ ಒಂದು ಕಂಬ ನಿಲ್ಲಿಸಿದರು. ಇವತ್ತಿನ ಒಟ್ಟೊಬ್ರುನ್ ಉಪನಗರಕ್ಕೆ ಹೆಸರು ಬಂದಿದ್ದು ಅವನಿಂದಲೇ, ಅದು ಈಗ ನಾಫ್ಲಿಯೊದ ಸೋದರ ನಗರ.

1833ರ ಫೆಬ್ರವರಿಯಲ್ಲಿ ಒಟ್ಟೊ ಈ ಬಂದರಿನಲ್ಲಿ ಇಳಿದಾಗ ವಯಸ್ಸು 17. ಜೊತೆಗೆ ಸುಮಾರು 3,500 ಬವೇರಿಯನ್ ಸೈನಿಕರು. ರಾಜ ಚಿಕ್ಕವನಾದ್ದರಿಂದ ಆಳಿದ್ದು ಮೂವರು ಜರ್ಮನ್ ಅಧಿಕಾರಿಗಳ ರೀಜೆನ್ಸಿ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಬಾಲಕರಾಗಿದ್ದಾಗ ಅವರ ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿದ್ದರಲ್ಲ, ಅದೇ ಏರ್ಪಾಡು. ಆದರೆ ಅಲ್ಲಿ ಆಳಿದವರು ತಾಯಿ, ಆ ನೆಲದ ಮಾತು ಬಲ್ಲವರು. ಇಲ್ಲಿ ಮೂವರು ಪರಸ್ಥಳದವರು. ಆ ಸೈನಿಕರ ಕಥೆಯೂ ಸುಖದ್ದಲ್ಲ. ಬಹಳಷ್ಟು ಜನ ಟೈಫಸ್ ಜ್ವರದಿಂದ ಸತ್ತರು. ಊರಾಚೆ ಪ್ರೊನಿಯಾ ಬಡಾವಣೆಯಲ್ಲಿ ಬಂಡೆಯಲ್ಲೇ ಕೊರೆದ, ಮಲಗಿದ ಸಿಂಹವೊಂದಿದೆ. ಲುಡ್ವಿಗ್ ಅವರ ನೆನಪಿಗೆ ಮಾಡಿಸಿದ್ದು. ಪ್ರವಾಸಿಗರು ಅಷ್ಟು ದೂರ ಹೋಗೋದು ಕಡಿಮೆ. ಹೋಗಿ, ಇಪ್ಪತ್ತು ನಿಮಿಷದ ನಡಿಗೆ.

ರೀಜೆನ್ಸಿಗೆ ಹಳೆಯ ಸೇನಾನಿಗಳು ಗಂಟಲಲ್ಲಿ ಸಿಕ್ಕಿದ ಮುಳ್ಳು. ಕೊಲೊಕೊಟ್ರೋನಿಸ್ ರಷ್ಯಾದ ಬೆಂಬಲ ಪಡೆದು ತಮ್ಮನ್ನು ಉರುಳಿಸಲು ಸಂಚು ಮಾಡಿದ ಅಂತ 1833ರಲ್ಲಿ ಅವನನ್ನೂ ಪ್ಲಪೂಟಾಸ್ ಎಂಬ ಇನ್ನೊಬ್ಬ ಸೇನಾನಿಯನ್ನೂ ಹಿಡಿದರು. 1834ರಲ್ಲಿ ವಿಚಾರಣೆ. ನಡೆದ ಜಾಗ ಹಳೇ ಊರಿನ ಮಧ್ಯದಲ್ಲೇ ಇದೆ, ‘ವುಲೆಫ್ತಿಕೊ’ ಅಂತಾರೆ. ತುರ್ಕರ ಕಾಲದ ಮಸೀದಿ, ದಂಗೆಯ ಕಾಲದಲ್ಲಿ ಗ್ರೀಕರ ಸಂಸತ್ತು, ಈ ವಿಚಾರಣೆಯ ಹೊತ್ತಿಗೆ ನ್ಯಾಯಾಲಯ. ಸರ್ಕಾರದ ಪರ ವಾದಿಸಿದವನು ಸ್ಕಾಟ್ಲೆಂಡಿನ ಎಡ್ವರ್ಡ್ ಮ್ಯಾಸನ್. ಆರೋಪಿಗೆ 64 ವರ್ಷ.

ಐವರು ನ್ಯಾಯಾಧೀಶರು. ಮೂವರು ಮರಣದಂಡನೆ ಅಂದರು. ಅಧ್ಯಕ್ಷ ಅನಸ್ತಾಸಿಯೋಸ್ ಪೊಲಿಜೊಯಿದಿಸ್ ಮತ್ತು ಗಿಯೋರ್ಗೊಸ್ ಟೆರ್ಸೆಟಿಸ್ ಇಬ್ಬರೂ, ಸಾಕ್ಷ್ಯ ಸಾಲದು, ಸಹಿ ಹಾಕೋದಿಲ್ಲ ಅಂದರು. ಇಬ್ಬರೂ ಮೂವತ್ತರ ಆಸುಪಾಸಿನವರು. ಒಬ್ಬ ಜರ್ಮನಿಯಲ್ಲೇ ಕಾನೂನು ಓದಿದವನು, ಇನ್ನೊಬ್ಬ ಝಾಕಿಂಥೋಸ್ ದ್ವೀಪದ ಕವಿ. ನ್ಯಾಯಮಂತ್ರಿ ಸ್ಕಿನಾಸ್ ಗದರಿಸಿದ, ಆಮೇಲೆ ಸೈನಿಕರನ್ನು ಕರೆಸಿದ. ಬಯನೆಟ್ ಹಿಡಿದ ಸೈನಿಕರು ಇಬ್ಬರನ್ನೂ ಎಳೆತಂದು ಪೀಠದಲ್ಲಿ ಕೂರಿಸಿದರು. ಕೂರಿಸಿದರು, ಆದರೆ ಬರೆಸಲು ಆಗಲಿಲ್ಲ. ತೀರ್ಪು ಮೂರೇ ಸಹಿಯ ಮೇಲೆ ಹೊರಬಿತ್ತು.

ಟ್ರಿಪೊಲಿಟ್ಸಾ ನೆನಪಿದೆಯಲ್ಲ? ಹಾಗಾದರೆ ಇಂಥವನಿಗಾಗಿ ಇಷ್ಟೊಂದು ಯಾಕೆ ಅಂತ ನೀವು ಕೇಳಬಹುದು, ಕೇಳಲೇಬೇಕು. ಆದರೆ ವಿಚಾರಣೆ ಆ ಕೊಲೆಗಳ ಬಗ್ಗೆ ಅಲ್ಲ. ಅದರ ಲೆಕ್ಕ ಯಾರೂ ಕೇಳಲಿಲ್ಲ. ಮುಂದಿಟ್ಟ ಆರೋಪ ಒಂದು, ಅದಕ್ಕೆ ಸಾಕ್ಷ್ಯ ಇದೆಯೋ ಇಲ್ಲವೋ ಅನ್ನೋದಷ್ಟೇ ಆ ಇಬ್ಬರ ಮುಂದಿದ್ದ ಪ್ರಶ್ನೆ. ಪಲಮೀದಿಯ ಗೋಡೆ ಹತ್ತಿದ ರಾತ್ರಿಗಿಂತ ಈ ಮಸೀದಿಯೊಳಗಿನ ಆ ದಿನವೇ ನನಗೆ ದೊಡ್ಡದಾಗಿ ಕಾಣ್ತದೆ. ಹೊಸ ದೇಶ, ಪರದೇಶದ ಆಳ್ವಿಕೆ, ಹೊರಗೆ ಸೈನಿಕರು, ಒಳಗೆ ಬರೀ ಇಬ್ಬರು ‘ಇಲ್ಲ’ ಅಂದರು.

ಅವರನ್ನು ಕೆಲಸದಿಂದ ತೆಗೆದು ಅವರ ಮೇಲೂ ಮೊಕದ್ದಮೆ ಹೂಡಿದರು, ಇಬ್ಬರೂ ಖುಲಾಸೆಯಾದರು. ಮರಣದಂಡನೆ 20 ವರ್ಷದ ಸೆರೆಯಾಯಿತು. 1835ರಲ್ಲಿ ಒಟ್ಟೊ ವಯಸ್ಸಿಗೆ ಬಂದು ಕೊಲೊಕೊಟ್ರೋನಿಸ್‌ನನ್ನು ಬಿಡುಗಡೆ ಮಾಡಿದ. ಅಷ್ಟರಲ್ಲಿ ರಾಜಧಾನಿ ಅಥೆನ್ಸಿಗೆ ಹೋಗಿಯಾಗಿತ್ತು, ಮುದುಕನೂ ಅಲ್ಲಿಗೆ ಹೋದ. ಅವನಿಗೆ ಓದುಬರಹ ಅಷ್ಟಕ್ಕಷ್ಟೆ. 1836ರಲ್ಲಿ ಒಬ್ಬ ಗೆಳೆಯ ಅವನೆದುರು ಕೂತು, ಅವನು ಹೇಳಿದ್ದನ್ನೆಲ್ಲ, ಕಾಳಗ, ಕಳ್ಳತನ, ಟ್ರಿಪೊಲಿಟ್ಸಾ, ಎಲ್ಲವನ್ನೂ ಬರೆದುಕೊಂಡ. ಇವತ್ತು ಗ್ರೀಕರು ಓದುವ ಕೊಲೊಕೊಟ್ರೋನಿಸ್‌ನ ಆತ್ಮಕಥೆ ಅದೇ. ಬರೆದುಕೊಂಡವನು ಟೆರ್ಸೆಟಿಸ್.